ತಪ್ಪು ಹೇಳಿ ಹೋಗಿ

ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮಿನ ಹಿಂಭಾಗದಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ, ಅಂಜಮ್ಮ ಹದಿನಾರು ವರ್ಷ ಊರವರ ಮೂಳೆಗಳನ್ನು ತೊಳೆದು ಒಣಹಾಕಿದ್ದಳು. ಎಕ್ಸ್‌ರೇ ತೆಗೆಯುವವರು ಬೇರೆ. ತೆಗೆದ ಫಿಲ್ಮನ್ನು ಕೆಂಪು ದೀಪದ ಬೆಳಕಿನಲ್ಲಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಅದ್ದಿ, ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸುವುದು ಅವಳ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಸಿಕ್ಕಿದ ಕೆಲಸ, ಬಿಡುವ ಯೋಚನೆ ಅವಳಿಗೆ ಬಂದೇ ಇರಲಿಲ್ಲ. ಬಾಗಿಲು ತೆಗೆದರೆ ಫಿಲ್ಮು ಹಾಳಾಗುತ್ತದೆ ಎಂಬ ಒಂದೇ ಕಾರಣಕ್ಕೆ ಆ ಕೋಣೆಯೊಳಕ್ಕೆ ಯಾರೂ ಹೇಳದೆ ಕೇಳದೆ ನುಗ್ಗುವ ಹಾಗಿರಲಿಲ್ಲ. ದೊಡ್ಡ ಡಾಕ್ಟರು ಕೂಡ ಬಾಗಿಲು ತಟ್ಟಿ ಕಾಯಬೇಕಾಗಿತ್ತು. ಇದು ಅಂಜಮ್ಮನಿಗೆ ಬಹಳ ಹಿಡಿಸಿದ ಸಂಗತಿ.

ಮನೆಯಲ್ಲಿ ಅವಳು ಮತ್ತು ತಾಯಿ ಚಿಕ್ಕಮುನಿಯಮ್ಮ, ಇಬ್ಬರೇ. ಅಂಜಮ್ಮನಿಗೆ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು; ಮೂರನೆಯ ಸಲ ಬಂದಾಗ ಅವಳೇ ಬೇಡ ಅಂದಳು. ಆನೇಕಲ್ ಕಡೆಯ ಹಳ್ಳಿಯಿಂದ ಬಂದಿದ್ದ ಚಿಕ್ಕಮುನಿಯಮ್ಮ ಮೂವತ್ತು ವರ್ಷದಿಂದ ಕಲಾಸಿಪಾಳ್ಯದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಹೋದರೆ ಮಧ್ಯಾಹ್ನ ಹನ್ನೆರಡಕ್ಕೆ ವಾಪಸ್ಸು.

ಅಂಜಮ್ಮನ ಕೈಗೆ ಕ್ಯಾಮೆರಾ ಬಂದದ್ದು ಡಾಕ್ಟರ್ ಸಂಕರ್ಷಣಾಚಾರ್ ಅವರಿಂದ. ಎಕ್ಸ್‌ರೇ ನೋಡಿ ರೋಗ ಹೇಳುವ ಡಾಕ್ಟರು ಅವರು. ರಜಾದಿನಗಳಲ್ಲಿ ಫೋಟೋ ತೆಗೆಯುವ ಹುಚ್ಚು. ೧೯೯೩ರಲ್ಲಿ ಕೈ ನಡುಗಲು ಶುರುವಾಗಿ ನಿವೃತ್ತರಾಗುವಾಗ, ತಮ್ಮ ಹಳೆಯ ಕ್ಯಾಮೆರಾವನ್ನೂ, ಪುಟ್ಟ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವ ಎನ್ಲಾರ್ಜರ್ ಯಂತ್ರವನ್ನೂ ಒಂದು ಆಟೋದಲ್ಲಿ ಹೇರಿಸಿಕೊಂಡು ಬಂದು ಅವಳ ಮನೆ ಮುಂದೆ ಇಳಿಸಿದರು.

"ಹದಿನಾರು ವರ್ಷ ನೆರಳು ತೊಳೆದಿದೀಯ. ಇನ್ನು ನೀನೇ ನೆರಳು ಹಿಡಿ," ಅಂದರು. "ಬಸವನಗುಡೀಲಿ ನಮ್ಮ ಬಳಗ ಇದೆ, ಅಲ್ಲಿಗೆ ಹೋಗು. ಚೆನ್ನಾಗಿದೆ ಅನ್ನೋರು ಎಲ್ಲಾ ಕಡೆ ಸಿಗ್ತಾರೆ ಅಂಜಮ್ಮ. ತಪ್ಪು ಹೇಳೋರು ಅಲ್ಲಿ ಮಾತ್ರ ಸಿಗ್ತಾರೆ."

ಒಂದು ವರ್ಷ ಅವಳು ಎಲ್ಲಿಗೂ ಹೋಗಲಿಲ್ಲ. ಬಚ್ಚಲುಮನೆಯ ಕಿಂಡಿಗೆ ಕಪ್ಪು ಬಟ್ಟೆ ಬಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎನ್ಲಾರ್ಜರ್ ಇಟ್ಟು, ಕಲಿತಳು. ೧೯೯೪ರ ಜೂನ್ ತಿಂಗಳ ಎರಡನೆಯ ಭಾನುವಾರ ಇಸ್ತ್ರಿ ಮಾಡಿದ ಸೀರೆಯುಟ್ಟು, ಒಂದು ಚಿತ್ರವನ್ನು ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಕೊಂಡು ಹೊರಟಳು.

ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿದ್ದ ಹಳೆಯ ಶಾಲೆಯೊಂದರ ಡ್ರಾಯಿಂಗ್ ಕ್ಲಾಸಿನಲ್ಲಿ ತಿಂಗಳಿಗೊಮ್ಮೆ ಛಾಯಾ ಬಳಗ ಸೇರುತ್ತಿತ್ತು. ಬ್ಯಾಂಕಿನವರು, ಮೇಷ್ಟರುಗಳು, ಇಂಜಿನಿಯರುಗಳು, ಎಲ್ಲ ಸೇರಿ ಇಪ್ಪತ್ತೆರಡು ಜನ. ಹೆಂಗಸೆಂದರೆ ಅವಳೊಬ್ಬಳೇ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಇಲ್ಲಿ ನಿರ್ದಾಕ್ಷಿಣ್ಯ ವಿಮರ್ಶೆ ನಡೆಯುತ್ತದೆ.' ಪದ್ಧತಿ ಸರಳ. ಚಿತ್ರದ ಹಿಂದೆ ತೆಗೆದವರ ಹೆಸರಿಲ್ಲ, ನಂಬರ್ ಮಾತ್ರ. ಕಾರ್ಯದರ್ಶಿ ಶ್ರೀಹರಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೃದು ಸ್ವಭಾವದ ಮನುಷ್ಯ, ಒಂದೊಂದೇ ಚಿತ್ರವನ್ನು ಮರದ ಸ್ಟ್ಯಾಂಡಿನ ಮೇಲಿಡುತ್ತಾನೆ. ಎಲ್ಲರೂ ಸರದಿಯಲ್ಲಿ ತಪ್ಪು ಒಪ್ಪು ಹೇಳುತ್ತಾರೆ. ತೆಗೆದವರು ತುಟಿ ಬಿಚ್ಚುವಂತಿಲ್ಲ.

ಅಂಜಮ್ಮನ ಚಿತ್ರ ಬಂತು. ಚಿಕ್ಕಮುನಿಯಮ್ಮ ಸೊಪ್ಪಿನ ರಾಶಿಯ ಹಿಂದೆ ಕೂತು ಯಾರನ್ನೋ ಬೈಯುತ್ತಿದ್ದಾಳೆ. ಎಡಗಡೆ ಅಂಚಿನಲ್ಲಿ ಯಾರದೋ ಬರಿಗಾಲು ಅರ್ಧ ಒಳಗೆ ಬಂದಿದೆ.

"ಆ ಕಾಲು ಬೇಡ," ಅಂದ ಶ್ರೀಹರಿ. "ಅಲ್ಲಿಂದ ಕತ್ತರಿಸಿದ್ರೆ ಚೆನ್ನಾಗಿರುತ್ತೆ."

"ಮುದುಕಿ ನಗ್ತಿದ್ದಿದ್ರೆ ಚೆನ್ನಾಗಿರೋದು," ಅಂದರು ಇನ್ನೊಬ್ಬರು.

ಅಧ್ಯಕ್ಷ ವೀರಭದ್ರಯ್ಯನವರು ಕೊನೆಗೆ ಮಾತಾಡಿದರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ದೇಶವಿದೇಶದ ಸ್ಪರ್ಧೆಗಳಲ್ಲಿ ಪದಕ ಗೆದ್ದವರು. "ಮಾರ್ಕೆಟ್ಟನ್ನ ನಾವೆಲ್ಲ ದಿನಾ ನೋಡ್ತೀವಿ. ನೋಡಿದ್ದನ್ನೇ ತೋರಿಸೋಕೆ ಕ್ಯಾಮೆರಾ ಯಾಕೆ? ಸೌಂದರ್ಯ ಎಲ್ಲಿದೆ ಇದರಲ್ಲಿ?"

ಅಂಜಮ್ಮನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಶೀನಣ್ಣ, ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಮುದುಕ. "ಕಾಲಿನ ಮಾತು ಆಮೇಲಾಗ್ಲಿ. ಇದನ್ನ ತೆಗೆದೋರು ಹೆದರಿದಾರೆ. ಹತ್ತಡಿ ದೂರ ನಿಂತ್ಕೊಂಡು, ಏನೋ ಮರೆ ಮಾಡ್ಕೊಂಡು ತೆಗೆದಿದಾರೆ. ಆ ಹೆಂಗಸು ಕೂತಿದಾಳೆ, ಇವರು ನಿಂತಿದಾರೆ. ಅದೇ ತಪ್ಪು."

ಉಳಿದ ಮಾತುಗಳೆಲ್ಲ ಅವಳಿಗೆ ಸಿಟ್ಟು ತರಿಸಿದ್ದವು, ಇದು ಒಳಕ್ಕಿಳಿಯಿತು. ಅವಳು ನಿಜವಾಗಿಯೂ ಕುಂಬಳಕಾಯಿ ರಾಶಿಯ ಹಿಂದೆ ಅಡಗಿ ನಿಂತು ಆ ಚಿತ್ರ ತೆಗೆದಿದ್ದಳು. ಅವ್ವ ನೋಡಿದರೆ ಬೈಯುತ್ತಾಳೆಂಬ ಭಯ. ಅದಕ್ಕಿಂತ ಹೆಚ್ಚಾಗಿ, ಎಕ್ಸ್‌ರೇ ಕೋಣೆಯ ಅಂಜಮ್ಮ ಸೊಪ್ಪಿನವಳ ಮಗಳು ಎಂದು ಮಾರ್ಕೆಟ್ಟಿನಲ್ಲಿ ಯಾರಾದರೂ ಪರಿಚಯದವರು ತಿಳಿದಾರೆಂಬ ಸಣ್ಣ ನಾಚಿಕೆ. ಆ ನಾಚಿಕೆ ಚಿತ್ರದಲ್ಲಿ ಬಿದ್ದಿತ್ತು ಎಂದು ಗೊತ್ತಾದಾಗ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ನೇರವಾಗಿ ಹೋಗಿ ಅವ್ವನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತಳು.

"ಯಾಕಮ್ಮಿ, ಇಲ್ಯಾಕ್ ಬಂದೆ?" ಅಂದಳು ಚಿಕ್ಕಮುನಿಯಮ್ಮ.

"ಫೋಟೋ ತೆಗೀಬೇಕು ಕಣವ್ವ."

"ಕುಂತ ಮೇಲೆ ಸುಮ್ಕೆ ಕುಂತ್ಕಬ್ಯಾಡ. ಕೊತ್ತಂಬ್ರಿ ಕಟ್ಟು."

ಅಂಜಮ್ಮ ಕೊತ್ತಂಬರಿ ಕಟ್ಟಿದಳು. ಒಂದು ಗಂಟೆ ಕಟ್ಟಿದ ಮೇಲೆ ತಲೆಯೆತ್ತಿ ನೋಡಿದಾಗ ಅವಳಿಗೆ ಹೊಸದೇನೋ ಕಂಡಿತು. ಅಲ್ಲಿ ಕೂತರೆ ಯಾರ ಮುಖವೂ ಕಾಣುವುದಿಲ್ಲ. ಕಾಣುವುದು ಕಾಲು. ಹೊರೆ ಹೊತ್ತು ಓಡುವವರ ಬರಿಗಾಲು, ದಲ್ಲಾಳಿಗಳ ಚರ್ಮದ ಚಪ್ಪಲಿ, ಸೊಪ್ಪು ತುಳಿದೇವೆಂದು ಸೀರೆಯ ನೆರಿಗೆ ಎತ್ತಿ ಹಿಡಿದ ಹೆಂಗಸರ ಕಾಲ್ಗೆಜ್ಜೆ, ಕೆಸರು, ಕೋಸಿನ ಎಲೆ, ಮತ್ತೆ ಕಾಲು. ಅವ್ವ ಮೂವತ್ತು ವರ್ಷ ನೋಡಿದ ಜಗತ್ತು ಇದು. ಬಳಗದಲ್ಲಿ ಕತ್ತರಿಸಿ ಅಂದದ್ದು ಅವ್ವನ ಕಣ್ಣೆದುರಿಗಿದ್ದ ವಸ್ತುವನ್ನೇ.

ಅಂದಿನಿಂದ ಅವಳು ಕಾಲುಗಳನ್ನೇ ತೆಗೆಯತೊಡಗಿದಳು. ಮೊದಲ ಚಿತ್ರವನ್ನು ಅವ್ವನಿಗೆ ತೋರಿಸಿದಾಗ ಚಿಕ್ಕಮುನಿಯಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮುಖ ಕಿವುಚಿದಳು. "ಸೊಪ್ಪೆಲ್ಲ ಬಾಡೋಗದಲ್ಲ. ಬೆಳಿಗ್ಗೆ ತಂದ ಸೊಪ್ಪು ಹಿಂಗಿರ್ತದಾ? ಇದನ್ನ ನೋಡಿದೋರು ನನ್ನತ್ರ ವ್ಯಾಪಾರ ಮಾಡ್ತಾರಾ?" ಅಂಜಮ್ಮ ನೋಡಿದಳು. ಹೌದು, ಕಪ್ಪುಬಿಳುಪಿನಲ್ಲಿ ಹಸಿರೆಲ್ಲ ಕಪ್ಪಾಗಿ ಬಿದ್ದಿತ್ತು. ಅಂದು ಬಚ್ಚಲುಮನೆಯಲ್ಲಿ ಮತ್ತೆ ಮತ್ತೆ ಅಚ್ಚು ಹಾಕಿ, ಸೊಪ್ಪಿನ ಮೇಲೆ ಬೀಳುವ ಬೆಳಕಿಗೆ ಅಂಗೈ ಅಡ್ಡ ಹಿಡಿದು ಕಪ್ಪು ತಗ್ಗಿಸಿ, ಐದನೆಯ ಹಾಳೆಯಲ್ಲಿ ಸೊಪ್ಪಿಗೆ ತಾಜಾತನ ಬರಿಸಿದಳು.

ಬಳಗದಲ್ಲಿ ಅವಳು ಎಂಟು ತಿಂಗಳು ಹೆಚ್ಚು ಮಾತಾಡದೆ ಕೂತು ಕೇಳಿದಳು. ಕೇಳುತ್ತ ಒಂದು ವಿಷಯ ಗಮನಕ್ಕೆ ಬಂತು. ಹೊಸಬರ ಚಿತ್ರ ಬಂದರೆ ಎಲ್ಲರ ನಾಲಿಗೆಯೂ ಹರಿತ. ಆದರೆ ದಂತದ ಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ ಸ್ಟ್ಯಾಂಡಿನ ಮೇಲೆ ಬಂದ ಕೂಡಲೇ ನಾಲಿಗೆಗಳು ಮೆತ್ತಗಾಗುತ್ತಿದ್ದವು. ಅಂಥ ರಟ್ಟು ತರಿಸುತ್ತಿದ್ದವರು ವೀರಭದ್ರಯ್ಯನವರೊಬ್ಬರೇ.

೧೯೯೫ರ ಫೆಬ್ರವರಿಯಲ್ಲಿ ಅಂಥದ್ದೊಂದು ಚಿತ್ರ ಬಂತು. ಹೆಸರು 'ಒಲೆಯ ಮುಂದೆ'. ಹಳ್ಳಿಯ ಮುದುಕಿಯೊಬ್ಬಳು ಕೈಯಲ್ಲಿ ಊದುಗೊಳವೆ ಹಿಡಿದು ಕೂತಿದ್ದಾಳೆ, ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು. "ಅದ್ಭುತ," ಅಂದರು ಒಬ್ಬರು. "ಇಡೀ ಗ್ರಾಮೀಣ ಭಾರತ ಇದರಲ್ಲಿದೆ," ಅಂದರು ಇನ್ನೊಬ್ಬರು. ಸರದಿ ಅಂಜಮ್ಮನದಾಯಿತು. ಶ್ರೀಹರಿ ಅವಳನ್ನು ದಾಟಿ ಮುಂದೆ ಹೋಗುವುದರಲ್ಲಿದ್ದ.

"ನನ್ನ ಸರದಿ," ಅಂದಳು ಅಂಜಮ್ಮ. ಎದ್ದು ನಿಂತು ಸ್ಟ್ಯಾಂಡಿನ ಹತ್ತಿರ ಹೋದಳು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿಯುವ ಕಣ್ಣು ಅವಳದು. "ಒಲೆ ಬೆಳಕು ಕೆಳಗಿಂದ ಬರ್ಬೇಕು. ಇದರಲ್ಲಿ ಮೂಗಿನ ನೆರಳು ತುಟಿ ಮೇಲೆ ಬಿದ್ದಿದೆ, ಅಂದ್ರೆ ಬೆಳಕು ಮೇಲಿಂದ ಬಂದಿದೆ. ಕಣ್ಣಲ್ಲಿ ನೋಡಿ, ಎರಡು ಚುಕ್ಕೆ. ಎರಡು ದೀಪ ಇಟ್ಟಿದಾರೆ. ಊದುಗೊಳವೆ ತುದಿ ಕಪ್ಪಾಗಿಲ್ಲ, ಹೊಸದು. ಸೀರೆ ಮಡಿಕೆ ಗೆರೆ ಹಾಗೇ ಇದೆ, ಅದೂ ಹೊಸದು. ಈ ಅಜ್ಜಿ ಒಲೆ ಮುಂದೆ ಕೂತಿಲ್ಲ. ಒಲೇನೇ ಇಲ್ಲ ಅಲ್ಲಿ. ಅಳೂ ಅಂತ ಹೇಳಿ ಅಳಿಸಿದಾರೆ. ಚಿತ್ರ ನುಣುಪಾಗಿದೆ, ಆದ್ರೆ ಸುಳ್ಳು."

ಹಿಂದಿನ ಬೆಂಚಿನಲ್ಲಿ ಶೀನಣ್ಣ ಕೆಮ್ಮಿದರು. ಅದು ನಗು ಅಡಗಿಸಿದ ಕೆಮ್ಮು ಎಂದು ಎಲ್ಲರಿಗೂ ಗೊತ್ತಾಯಿತು. ನಿಯಮದ ಪ್ರಕಾರ ವೀರಭದ್ರಯ್ಯನವರು ಮಾತಾಡುವ ಹಾಗಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಮಾರ್ಚಿ ತಿಂಗಳಿನಲ್ಲಿ ಬಳಗಕ್ಕೊಂದು ಪೂರ್ವಪರಿಶೀಲನಾ ಸಮಿತಿ ಹುಟ್ಟಿತು. ಇನ್ನು ಮುಂದೆ ಚಿತ್ರಗಳನ್ನು ಒಂದು ವಾರ ಮುಂಚೆ ಕೊಡಬೇಕು. ಬಳಗದ ಅಭಿರುಚಿಗೆ ಹೊಂದುವಂಥವನ್ನು ಮಾತ್ರ ಸ್ಟ್ಯಾಂಡಿಗೆ ಏರಿಸಲಾಗುವುದು. ಅಂಜಮ್ಮನ ಚಿತ್ರಗಳು ಕಂದು ಕವರಿನಲ್ಲಿ ವಾಪಸ್ಸು ಬರತೊಡಗಿದವು. ಹಿಂದೆ ಒಂದು ರಬ್ಬರ್ ಮುದ್ರೆ: 'ತಿರಸ್ಕೃತ.' ಅವಳ ಒಂದು ಚಿತ್ರದ ಮುಂಭಾಗದ ಮೇಲೇ ಯಾರೋ ಪೆನ್ಸಿಲಿನಿಂದ ಗೆರೆ ಎಳೆದು, ಇಲ್ಲಿಂದ ಕತ್ತರಿಸಿ ಎಂದು ಗುರುತು ಮಾಡಿದ್ದರು. ಇನ್ನೊಂದರ ಜೊತೆ ಚೀಟಿ: 'ಕೊಳಕು ಕಾಲುಗಳು ಕಲೆಯ ವಸ್ತುವಲ್ಲ.'

ಐದನೆಯ ಕವರು ಕೊಡುವಾಗ ಶ್ರೀಹರಿ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದ. "ಅಂಜಮ್ಮನವರೇ, ಒಂದ್ಸಲ ಅಧ್ಯಕ್ಷರ ಹತ್ರ ಹೋಗಿ ಬೇಜಾರು ಮಾಡ್ಕೋಬೇಡಿ ಸಾರ್ ಅಂದ್ಬಿಡಿ. ಎಲ್ಲ ಸರಿ ಹೋಗುತ್ತೆ."

"ನಾನು ಹೇಳಿದ್ರಲ್ಲಿ ಸುಳ್ಳಿತ್ತಾ ಸಾರ್?"

"ಸುಳ್ಳು ನಿಜದ ಪ್ರಶ್ನೆ ಅಲ್ಲ. ಹಿರಿಯರು ಅವರು."

"ಹಂಗಾದ್ರೆ ಗೋಡೆ ಮೇಲೆ ಬರ್ದಿರೋದನ್ನ ಅಳಿಸಿ. ಹಿರಿಯರನ್ನ ಬಿಟ್ಟು ಉಳಿದೋರಿಗೆ ಮಾತ್ರ ವಿಮರ್ಶೆ ಅಂತ ಬರೀರಿ. ಆಮೇಲೆ ನಾನು ಕ್ಷಮೆ ಕೇಳ್ತೀನಿ."

ಅವಳು ಬರುವುದನ್ನು ನಿಲ್ಲಿಸುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅಂಜಮ್ಮ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹಿಂದೆ ಕೂರುತ್ತಿದ್ದವಳು ಮುಂದಿನ ಬೆಂಚಿಗೆ ಬಂದಳು. ತನ್ನ ಚಿತ್ರ ಸ್ಟ್ಯಾಂಡಿಗೆ ಬರದಿದ್ದರೂ ಬೇರೆಯವರ ಪ್ರತಿಯೊಂದು ಚಿತ್ರಕ್ಕೂ ತನ್ನ ಸರದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸೂರ್ಯಾಸ್ತದ ಮುಂದೆ ನಿಂತ ಕೊಕ್ಕರೆ ನೋಡಿ, "ಕೊಕ್ಕರೆ ಸ್ಪಷ್ಟವಾಗಿದೆ, ನೀರು ಮಾತ್ರ ಓರೆಯಾಗಿ ಹರೀತಿದೆ, ಕ್ಯಾಮೆರಾ ವಾಲಿದೆ," ಅಂದಳು. ಮೂಗು ಮುರಿದವರಿದ್ದರು. ಮನೆಗೆ ಹೋಗಿ ತಪ್ಪು ಸರಿಪಡಿಸಿಕೊಂಡು ಬಂದವರೂ ಇದ್ದರು.

ತಿರಸ್ಕೃತ ಚಿತ್ರಗಳು ಹನ್ನೆರಡಾದಾಗ ಅವಳೊಂದು ಕೆಲಸ ಮಾಡಿದಳು. ಸಭೆಗೆ ಮುಂಚೆಯೇ ಬಂದು ಶಾಲೆಯ ವರಾಂಡದ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಎಕ್ಸ್‌ರೇ ಒಣಗಿಸುವ ಕ್ಲಿಪ್ಪುಗಳಿಂದ ಹನ್ನೆರಡನ್ನೂ ನೇತುಹಾಕಿದಳು. ಒಳಗೆ ಹೋಗುವವರು ನೋಡಲೇಬೇಕು. ಶೀನಣ್ಣ ಅರ್ಧ ಗಂಟೆ ನಿಂತು ನೋಡಿ, ಮೂರು ಚಿತ್ರಗಳಲ್ಲಿ ತಪ್ಪು ಹೇಳಿ, ಎರಡನ್ನು ಎಸೆಯಲು ಹೇಳಿ ಒಳಗೆ ಹೋದರು. ಮಿಕ್ಕವರು ಕಣ್ಣಂಚಿನಲ್ಲಿ ನೋಡಿಕೊಂಡು ದಾಟಿದರು. ಮುಂದಿನ ತಿಂಗಳು ಶಾಲೆಯ ಕಾವಲುಗಾರ ಅಡ್ಡ ನಿಂತ. "ಹಗ್ಗ ಕಟ್ಟಂಗಿಲ್ಲ ಅಮ್ಮಾ. ಅಧ್ಯಕ್ಷರು ಹೇಳವ್ರೆ."

ಅಂಜಮ್ಮ ಹಗ್ಗವನ್ನು ಮತ್ತೆ ಚೀಲಕ್ಕೆ ಹಾಕಿ ಸೀದಾ ಒಳಗೆ ಹೋದಳು. ಸಭೆ ಶುರುವಾಗಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆ ಕಪ್ಪುಹಲಗೆಯ ಮುಂದೆ ನಿಂತು, ಸೀಮೆಸುಣ್ಣ ತೆಗೆದುಕೊಂಡು ಬರೆದಳು:

'ಬರುವ ಭಾನುವಾರ, ಬೆಳಿಗ್ಗೆ ಹನ್ನೊಂದು. ಕಲಾಸಿಪಾಳ್ಯ, ಸೊಪ್ಪಿನ ಸಾಲು. ತಿರಸ್ಕೃತ ಚಿತ್ರಗಳ ಪ್ರದರ್ಶನ. ತಪ್ಪು ಹೇಳಿ ಹೋಗಿ.'

"ಇದೇನ್ರೀ ಇದು, ಅಧಿಕಪ್ರಸಂಗ?" ಅಂದರು ವೀರಭದ್ರಯ್ಯ.

"ಆಹ್ವಾನ ಸಾರ್. ನೀವೂ ಬನ್ನಿ," ಅಂದು ಅಂಜಮ್ಮ ಕೈಯ ಸುಣ್ಣ ಒರೆಸಿಕೊಂಡು ತನ್ನ ಬೆಂಚಿಗೆ ಹೋಗಿ ಕೂತಳು.

ಆ ಭಾನುವಾರ ವ್ಯಾಪಾರದ ಭರಾಟೆ ಇಳಿದ ಮೇಲೆ ಚಿಕ್ಕಮುನಿಯಮ್ಮ ತಾನೇ ಮುಂದೆ ನಿಂತು ಹಗ್ಗ ಕಟ್ಟಿಸಿದಳು. ಮಗಳ ಚಿತ್ರಗಳನ್ನು ವಾಪಸ್ಸು ಕಳಿಸಿದರೆಂಬ ಸಿಟ್ಟು ಅವಳಿಗೆ. ಅವುಗಳಲ್ಲಿ ಏನಿದೆ ಎಂಬುದರ ಬಗ್ಗೆ ಅವಳಿಗೆ ಅಷ್ಟೇನೂ ಅಭಿಮಾನವಿರಲಿಲ್ಲ. ಟೊಮೊಟೊ ಪೆಟ್ಟಿಗೆಗಳ ಎರಡು ಸಾಲಿನ ನಡುವೆ, ತಗಡಿನ ಮಾಡಿನ ಕೆಳಗೆ ಅಷ್ಟರಲ್ಲಿ ಹದಿನಾರಾಗಿದ್ದ ತಿರಸ್ಕೃತ ಚಿತ್ರಗಳು ತೂಗಾಡಿದವು. ಬಳಗದಿಂದ ಶೀನಣ್ಣ ಬಂದರು. ಹಿಂಜರಿಯುತ್ತ ಶ್ರೀಹರಿಯೂ ಬಂದ, ಅವನ ಹಿಂದೆ ನಾಲ್ಕು ಜನ. ಹನ್ನೊಂದೂವರೆಗೆ ಪ್ಯಾಂಟಿನ ಅಂಚು ಎರಡು ಮಡಿಕೆ ಮಡಚಿಕೊಂಡು ವೀರಭದ್ರಯ್ಯನವರೂ ಬಂದರು. ಅವರು ಯಾಕೆ ಬಂದರೋ. ಅವಳು ಸೋಲುವುದನ್ನು ನೋಡಲು ಇರಬಹುದು. ಅಥವಾ ನಲವತ್ತು ವರ್ಷ ಕಾಲುವೆ, ಒಡ್ಡುಗಳನ್ನು ಸ್ವತಃ ಹೋಗಿ ನೋಡಿ ಸಹಿ ಹಾಕಿದವರಿಗೆ ಇದನ್ನೂ ನೋಡದೆ ಬಿಡಲು ಮನಸ್ಸಾಗಿರಲಿಕ್ಕಿಲ್ಲ.

ಮಾರ್ಕೆಟ್ಟಿನವರು ಮುತ್ತಿಕೊಂಡರು. ಮೊದಲು ನಗು. "ಇದು ನನ್ನ ಚಪ್ಪಲಿ ಕಣೋ! ಉಂಗುಷ್ಟ ಕಿತ್ತೋಗಿರೋದು ನೋಡು!" ಆಮೇಲೆ ನಿಧಾನವಾಗಿ ನೋಡತೊಡಗಿದರು. ಅಂಜಮ್ಮ ಹಗ್ಗದ ಪಕ್ಕ ನಿಂತು ಒಬ್ಬೊಬ್ಬರನ್ನೂ ಕೇಳಿದಳು: "ಚೆನ್ನಾಗಿದೆ ಅನ್ಬೇಡಿ. ಏನು ತಪ್ಪಿದೆ ಹೇಳಿ."

ಆಲೂಗಡ್ಡೆ ಮಂಡಿಯ ಗುಮಾಸ್ತ, "ತಕ್ಕಡಿ ತೆಗ್ದಿದೀರ, ಮುಳ್ಳೇ ಕಾಣ್ತಿಲ್ಲ. ಮುಳ್ಳಿಲ್ದೆ ತಕ್ಕಡಿ ಏನ್ ತಕ್ಕಡಿ?" ಅಂದ. ಅವಳು ಚೀಟಿಯಲ್ಲಿ ಬರೆದುಕೊಂಡಳು.

ಸಾಲಿನ ನಟ್ಟನಡುವೆ ಅವಳಿಗೆ ತುಂಬ ಪ್ರೀತಿಯ ಚಿತ್ರವಿತ್ತು. ಕೆಸರಿನಲ್ಲಿ ಊರಿದ ಒಂದು ಜೊತೆ ಬರಿಗಾಲು, ಬಿರುಕು ಬಿಟ್ಟ ಹಿಮ್ಮಡಿ, ಪಕ್ಕದಲ್ಲಿ ನಜ್ಜುಗುಜ್ಜಾದ ಟೊಮೊಟೊ. ಕೆಳಗೆ ಹೆಸರು ಬರೆದಿದ್ದಳು: 'ಹೊರೆ'. ಶ್ರೀಹರಿ ಅದರ ಮುಂದೆಯೇ ನಿಂತುಬಿಟ್ಟಿದ್ದ. "ಇದನ್ನ ತಿರಸ್ಕಾರ ಮಾಡಿದ್ದು ತಪ್ಪಾಯ್ತು," ಎಂದು ಮೆಲ್ಲಗೆ ಅಂದ. ಅಂಜಮ್ಮನ ಮುಖ ಅರಳಿತು.

ಆಗ ದೊಡ್ಡಬೈರಪ್ಪ ಮುಂದೆ ಬಂದ. ಇಪ್ಪತ್ತೈದು ವರ್ಷದಿಂದ ಅಲ್ಲಿ ಮೂಟೆ ಹೊರುತ್ತಿದ್ದ ಆಳು. ತಲೆಯ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಚಿತ್ರಕ್ಕೆ ಮುಖ ಹತ್ತಿರ ತಂದು ನೋಡಿದ.

"ಇದು ನನ್ ಕಾಲು ಕಣಮ್ಮಾ."

"ಹೌದಾ ಬೈರಪ್ಪಣ್ಣ? ಹೆಂಗಿದೆ?"

"ಕೆಳಗೇನ್ ಬರ್ದಿದೀಯ?"

"ಹೊರೆ ಅಂತ."

"ಹಂಗಾದ್ರೆ ತಪ್ಪು." ದೊಡ್ಡಬೈರಪ್ಪ ತಲೆಯಾಡಿಸಿದ. "ಹೊರೆ ಹೊತ್ತ ಕಾಲು ಹಿಂಗಿರಲ್ಲ. ಬೆರಳು ಅಗಲ ಆಗಿ ನೆಲ ಕಚ್ಕಂಡಿರ್ತವೆ. ಹಿಮ್ಮಡಿ ಇಷ್ಟು ಊರಲ್ಲ. ಇದ್ರಲ್ಲಿ ಬೆರಳೆಲ್ಲ ಸಡ್ಲಾಗವೆ. ಇದು ಮೂಟೆ ಇಳಿಸಿ, ಬೀಡಿ ಸೇದ್ತಾ ನಿಂತಿದ್ದಾಗ ತೆಗ್ದಿರೋದು. ಹೊರೆ ಎಲ್ಲೈತೆ ಇದ್ರಲ್ಲಿ?"

ಅಂಜಮ್ಮನಿಗೆ ಆ ದಿನ ನೆನಪಿತ್ತು. ಬೀಡಿಯೂ ನೆನಪಿತ್ತು. ಅವಳು ಬೇಕೆಂದೇ ಬೀಡಿಯ ಹೊಗೆ ಬರದ ಹಾಗೆ ಕೆಳಗೆ ಮಾತ್ರ ಹಿಡಿದು, ಮನೆಗೆ ಬಂದು, ಬಿರುಕು ಬಿಟ್ಟ ಹಿಮ್ಮಡಿ ನೋಡಿ ಆ ಹೆಸರು ಇಟ್ಟಿದ್ದಳು. ಅವಳ ಕಣ್ಣು ತಾನಾಗಿ ವೀರಭದ್ರಯ್ಯನವರ ಕಡೆ ಹೋಯಿತು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತುಟಿಯ ಕೊನೆಯಲ್ಲಿ ನಗು ಮೂಡುವುದರಲ್ಲಿತ್ತು. ಸುತ್ತ ಐವತ್ತು ಜನ ಇದ್ದರು. ಏನಾದರೂ ಹೇಳಿ ಪಾರಾಗಬಹುದಿತ್ತು. ಹೊರೆ ಅಂದರೆ ಬದುಕಿನ ಹೊರೆ ಎಂದರೆ ಬಳಗದವರು ತಲೆದೂಗುತ್ತಿದ್ದರು.

ಅವಳು ಕ್ಲಿಪ್ಪು ಬಿಚ್ಚಿ ಚಿತ್ರವನ್ನು ಕೆಳಗಿಳಿಸಿದಳು. ಹೆಸರು ಬರೆದಿದ್ದ ಪಟ್ಟಿಯನ್ನು ಎಲ್ಲರೆದುರಿಗೆ ಹರಿದಳು.

"ಬೈರಪ್ಪಣ್ಣ ಹೇಳಿದ್ದು ಸರಿ," ಅಂದಳು ಗಟ್ಟಿಯಾಗಿ. "ನಾನು ಸುಳ್ಳು ಹೆಸರು ಇಟ್ಟಿದ್ದೆ. ತಪ್ಪು ನಂದು." ಆಮೇಲೆ ವೀರಭದ್ರಯ್ಯನವರ ಕಡೆ ತಿರುಗಿದಳು. "ನೋಡಿ ಸಾರ್, ಇಷ್ಟೇ. ನನ್ನ ಕೈಕಾಲೇನೂ ಬಿದ್ದೋಗಲಿಲ್ಲ. ನೀವೂ ಅವತ್ತು ಇಷ್ಟು ಮಾಡಿದ್ದಿದ್ರೆ ಸಮಿತಿ, ಮುದ್ರೆ, ಕವರು ಏನೂ ಬೇಕಾಗಿರ್ಲಿಲ್ಲ."

ವೀರಭದ್ರಯ್ಯನವರ ಮುಖ ಕೆಂಪಾಯಿತು. ಕೋಸಿನ ಎಲೆ ತುಳಿಯುತ್ತ ಹೊರಟುಹೋದರು. ಚಿಕ್ಕಮುನಿಯಮ್ಮ ಮಗಳ ಪಕ್ಕಕ್ಕೆ ಬಂದು, "ಯಾರವ್ವಾ ಅವ್ರು, ಪ್ಯಾಂಟು ಮಡಚ್ಕಂಡು ಬಂದಿದ್ದೋರು?" ಎಂದು ಕೇಳಿದಳು.

"ನಮ್ಮ ಅಧ್ಯಕ್ಷರು ಕಣವ್ವ."

"ಪಾಪ, ಒಂದ್ ಕಟ್ಟು ಸೊಪ್ಪಾದ್ರೂ ಕೊಟ್ ಕಳಿಸ್ಬಾರ್ದಿತ್ತಾ?"

ಸಮಿತಿ ತಕ್ಷಣವೇನೂ ಹೋಗಲಿಲ್ಲ. ಆದರೆ ಮುಂದಿನ ತಿಂಗಳಿನಿಂದ ಸೊಪ್ಪಿನ ಸಾಲಿಗೆ ಬರುವವರು ಹೆಚ್ಚಿದರು. ಬಸವನಗುಡಿಯಲ್ಲಿ ಎರಡನೆಯ ಭಾನುವಾರ, ಕಲಾಸಿಪಾಳ್ಯದಲ್ಲಿ ಮೂರನೆಯ ಭಾನುವಾರ. ಶ್ರೀಹರಿ ತನ್ನ ಚಿತ್ರಗಳನ್ನು ಮೊದಲು ಇಲ್ಲಿ ನೇತುಹಾಕಿ, ಹೂವಿನವರು, ಹಮಾಲರು ಹೇಳಿದ ತಪ್ಪನ್ನು ತಿದ್ದಿ, ಆಮೇಲೆ ಅಲ್ಲಿಗೆ ಒಯ್ಯುತ್ತಿದ್ದ. ಅಂಜಮ್ಮ ದೊಡ್ಡಬೈರಪ್ಪನ ಕಾಲಿನ ಹಿಂದೆ ನಾಲ್ಕು ತಿಂಗಳು ಬಿದ್ದಳು. ಕೊನೆಗೊಮ್ಮೆ ನೂರು ಕೆಜಿ ಈರುಳ್ಳಿ ಹೊತ್ತ ಕಾಲು, ನೆಲ ಕಚ್ಚಿದ ಬೆರಳುಗಳು, ಆ ಬೆರಳುಗಳ ನಡುವೆ ಉಕ್ಕಿದ ಕೆಸರು, ಎಲ್ಲ ಒಂದೇ ಚೌಕಟ್ಟಿನಲ್ಲಿ ಸಿಕ್ಕಿತು. ದೊಡ್ಡಬೈರಪ್ಪ ನೋಡಿ, "ಈಗ ಭಾರ ಐತೆ," ಅಂದ. ಅದಕ್ಕೆ ಅವಳು ಹೆಸರೇ ಇಡಲಿಲ್ಲ.

ವೀರಭದ್ರಯ್ಯನವರು ಸೊಪ್ಪಿನ ಸಾಲಿಗೆ ಎರಡನೆಯ ಸಲ ಬಂದದ್ದು ೧೯೯೯ರಲ್ಲಿ. ಕೈಯಲ್ಲಿ ರಟ್ಟಿಗೆ ಅಂಟಿಸದ ಒಂದು ಸಾದಾ ಚಿತ್ರ. ಅವರ ಹೆಂಡತಿ ವಿಶಾಲಾಕ್ಷಮ್ಮ ಕಣ್ಣಿನ ಆಪರೇಷನ್ ಆದ ಮೇಲೆ ಪಟ್ಟಿ ಬಿಚ್ಚಿಸಿಕೊಂಡು ಮೊದಲ ಸಲ ತಮ್ಮ ಅಂಗೈ ನೋಡಿಕೊಳ್ಳುತ್ತಿರುವುದು. ಅವರೇ ಕ್ಲಿಪ್ಪು ಹಾಕಿ, ಪಕ್ಕಕ್ಕೆ ನಿಂತು, "ಹೇಳಿ," ಅಂದರು.

ಸುತ್ತಲಿದ್ದವರೆಲ್ಲ ಅಂಜಮ್ಮನನ್ನು ನೋಡಿದರು. ಮುದುಕರು ಇಷ್ಟು ದೂರ ಬಂದಿದ್ದಾರೆ, ಒಂದು ಒಳ್ಳೆಯ ಮಾತು ಸಾಕು ಎಂದು ಶ್ರೀಹರಿಯ ಕಣ್ಣು ಬೇಡುತ್ತಿತ್ತು. ಅಂಜಮ್ಮ ಚೆನ್ನಾಗಿ ನೋಡಿದಳು.

"ಅಂಗೈ ಕತ್ತಲಲ್ಲಿದೆ ಸಾರ್. ಅವರು ಏನು ನೋಡ್ತಿದಾರೋ ಅದು ನಮಗೂ ಕಾಣ್ಬೇಕು. ಇನ್ನೊಂದ್ಸಲ ಅಚ್ಚು ಹಾಕಿ." ಸ್ವಲ್ಪ ತಡೆದು ಸೇರಿಸಿದಳು: "ಆದ್ರೆ ಇದು ನಿಜ."

"ಅಂಗೈ ಕತ್ತಲಲ್ಲಿರೋದು ನಂಗೂ ಗೊತ್ತಿತ್ತು," ಅಂದರು ಅವರು ಗಡುಸಾಗಿ. ಚಿತ್ರವನ್ನು ಬಿಚ್ಚಿಕೊಂಡು ಹೋದರು. ಎರಡು ವಾರದ ಮೇಲೆ ಅಂಚೆಯಲ್ಲಿ ಅಂಜಮ್ಮನಿಗೊಂದು ಕವರು ಬಂತು. ಒಳಗೆ ಅದೇ ಚಿತ್ರ, ಅಂಗೈಯ ಗೆರೆಗಳೆಲ್ಲ ಕಾಣುವ ಹಾಗೆ. ಹಿಂದೆ ಯಾವ ಮುದ್ರೆಯೂ ಇರಲಿಲ್ಲ.

ಅವರು ಅಧ್ಯಕ್ಷರ ಕುರ್ಚಿ ಬಿಟ್ಟಾಗ ಬಳಗದವರು ಅಂಜಮ್ಮನನ್ನು ಅಧ್ಯಕ್ಷೆಯಾಗಿ ಎಂದು ಒತ್ತಾಯ ಮಾಡಿದರು. ಸಮಿತಿ ಅಷ್ಟರಲ್ಲಿ ಹೇಳಹೆಸರಿಲ್ಲದೆ ಹೋಗಿತ್ತು. ಅವಳು ಕಡ್ಡಿ ಮುರಿದಂತೆ ಬೇಡ ಅಂದಳು. "ಆ ಕುರ್ಚೀಲಿ ಕೂತ ಮೇಲೆ ನನ್ ಫೋಟೋಗೆ ತಪ್ಪು ಹೇಳೋರು ಯಾರು? ಶ್ರೀಹರಿ ಸಾರ್ ಕೂತ್ಕೊಳ್ಲಿ. ಅವರಿಗೆ ಬೈದ್ರೆ ಬೇಜಾರಾಗಲ್ಲ."

೨೦೦೫ರ ಹೊತ್ತಿಗೆ ಬಳಗಕ್ಕೆ ಬರುವವರೆಲ್ಲ ಡಿಜಿಟಲ್ ಕ್ಯಾಮೆರಾ ತರುತ್ತಿದ್ದರು. ಅವರಲ್ಲೊಬ್ಬಳು, ಮಲ್ಲೇಶ್ವರದ ಕಾಲೇಜು ಹುಡುಗಿ ತನ್ಮಯಿ, ಒಂದು ದಿನ ಅಂಜಮ್ಮನನ್ನು ಎಂಟನೇ ಕ್ರಾಸಿನ ಸೈಬರ್ ಸೆಂಟರಿಗೆ ಕರೆದುಕೊಂಡು ಹೋಗಿ, ಕಂಪ್ಯೂಟರಿನಲ್ಲಿ ಊರಿನ ಫೋಟೋ ಹುಚ್ಚಿನವರೆಲ್ಲ ಸೇರಿರುವ ಒಂದು ತಾಣ ತೋರಿಸಿದಳು. ಪ್ರತಿ ಚಿತ್ರದ ಕೆಳಗೂ ಸೂಪರ್, ಸೂಪರ್ ಎಂದೇ ಬರೆದಿತ್ತು.

"ಇದೇನೇ ಇದು, ಎಲ್ಲರೂ ಸೂಪರ್ರೇ? ನಾನು ಹೇಳಿದ್ದನ್ನ ಟೈಪ್ ಮಾಡ್ತೀಯಾ?"

ಅಂಜಮ್ಮ ಹೇಳುತ್ತ ಹೋದಳು, ತನ್ಮಯಿ ನಗುತ್ತ ಟೈಪ್ ಮಾಡಿದಳು. ಒಂಬತ್ತು ಚಿತ್ರಗಳಿಗೆ ಒಂಬತ್ತು ತಪ್ಪು. ಮರುವಾರ ಹೋಗಿ ನೋಡಿದಾಗ ಬೈಗುಳದ ಸುರಿಮಳೆ. ಒಬ್ಬ ಬರೆದಿದ್ದ: 'ಯಾರ್ರೀ ಈ ಆಂಟಿ? ಇಷ್ಟು ಗೊತ್ತಿದ್ರೆ ನಿಮ್ಮ ಫೋಟೋ ಹಾಕಿ ನೋಡೋಣ.'

"ಆಂಟಿ, ಉತ್ತರ ಕೊಡೋದು ಬೇಡ. ಬಿಟ್ಬಿಡೋಣ," ಅಂದಳು ತನ್ಮಯಿ.

"ಯಾಕೆ ಬಿಡೋದು? ಸರಿಯಾಗೇ ಕೇಳಿದಾನೆ. ಹಾಕು." ಅವಳು ಚೀಲದಿಂದ ಹಿಂದಿನ ವಾರವಷ್ಟೇ ತೆಗೆದಿದ್ದ ಚಿತ್ರವನ್ನು ಹೊರತೆಗೆದು ಸ್ಕ್ಯಾನರಿನ ಮೇಲೆ ಇಟ್ಟಳು. "ಕೆಳಗೆ ಬರಿ: ಒಂದು ತಪ್ಪನ್ನೂ ಬಿಡಬೇಡಿ."

ಮೂರು ದಿನದಲ್ಲಿ ನಲವತ್ತು ತಪ್ಪುಗಳು ಬಂದವು. ತನ್ಮಯಿ ಅವನ್ನೆಲ್ಲ ಪ್ರಿಂಟ್ ತೆಗೆದುಕೊಟ್ಟಳು. ಅಂಜಮ್ಮ ಕನ್ನಡಕ ಏರಿಸಿ, ಸೈಬರ್ ಸೆಂಟರಿನ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೂ ಓದಿ, ಪೆನ್ನಿನಿಂದ ಹೊಡೆದುಹಾಕುತ್ತ ಹೋದಳು.

"ಇಪ್ಪತ್ತೊಂಬತ್ತು ಬರೀ ಹೊಟ್ಟೆಕಿಚ್ಚು," ಅಂದಳು ಕೊನೆಗೆ. "ಹನ್ನೊಂದು ಸರಿಯಾಗಿದಾವೆ. ಅವನು, ಆಂಟಿ ಅಂದನಲ್ಲ, ಅವನದೂ ಸರಿಯಾಗಿದೆ. ಬಲಗಡೆ ಬಿಸಿಲು ಜಾಸ್ತಿ ಬಿದ್ದಿದೆ ಅಂದಿದಾನೆ. ಹೌದು ಕಣೇ, ಬಿದ್ದಿದೆ." ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. "ಆ ಹುಡುಗನಿಗೆ ಬರಿ, ಮೂರನೇ ಭಾನುವಾರ ಕಲಾಸಿಪಾಳ್ಯಕ್ಕೆ ಬಾ ಅಂತ. ತನ್ನ ಫೋಟೋಗಳನ್ನೂ ತರಬೇಕು ಅಂತ ಹೇಳು."